ಕಡತ ನಿರ್ವಹಣಾ ತಂತ್ರಾಂಶದ ಆಯ್ಕೆ: ಸಾರ್ವಜನಿಕರ ಮಾಹಿತಿಗಾಗಿ

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣದ ಮೇರೆಗೆ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತನ್ನ ದಾಖಲೆಗಳನ್ನು ವರ್ಗೀಕರಿಸಿ, ಸೂಚಿ ಸಹಿತ ಇಡತಕ್ಕದ್ದು; ಗಣಕೀಕರಣಕ್ಕೆ ಯೋಗ್ಯವಾದವುಗಳನ್ನು ಸಂಪನ್ಮೂಲಗಳ ಲಭ್ಯತೆಗೆ ಒಳಪಟ್ಟು ಗಣಕೀಕರಿಸತಕ್ಕದ್ದು. ಮಾಹಿತಿ ಕೋರಿದವರಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುವುದರಿಂದ, ಹಳೆಯ ಕಡತವು ಸಕಾಲಕ್ಕೆ ಸಿಗುವುದೇ ತಂತ್ರಾಂಶದ ಮೊದಲ ಪರೀಕ್ಷೆ.

ಕನ್ನಡದಲ್ಲಿ ವ್ಯವಹರಿಸುವ ಕಚೇರಿಗಳಿಗೆ ಈ ಪರೀಕ್ಷೆ ಕಠಿಣವೇ ಸರಿ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪತ್ರಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ, ಒಳಗೆ ಯೂನಿಕೋಡ್ ಸಂಕೇತಗಳಲ್ಲಿ ಇರುವುದಿಲ್ಲ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಯೂನಿಕೋಡ್‌ನಲ್ಲಿ ಹೆಸರು ಬೆರಳಚ್ಚಿಸಿ ಹುಡುಕಿದರೆ ಸಿಗವು. ಪರಿವರ್ತಿಸಿದ ನಂತರವಷ್ಟೇ ಹುಡುಕಾಟ ಸಾಧ್ಯ. ಸ್ಕ್ಯಾನ್ ಮಾಡಿದ ಕೈಬರಹದ ಪುಟವಂತೂ ಕೇವಲ ಚಿತ್ರ. ಗ್ರಾಮ, ಸರ್ವೆ ನಂಬರು, ವರ್ಷಗಳನ್ನು ಸೂಚಿಯಲ್ಲಿ ನಮೂದಿಸಬೇಕಾಗುತ್ತದೆ. 'ಸಿದ್ದಪ್ಪ' ಎಂದು ಹುಡುಕಿದಾಗ 'ಸಿದ್ಧಪ್ಪ' ದೊರೆಯದಿದ್ದಲ್ಲಿ, ಇರುವ ದಾಖಲೆಗೂ ಇಲ್ಲವೆಂಬ ಹಿಂಬರಹ ಹೊರಡುವ ಸಂಭವವುಂಟು.

ಆದ್ದರಿಂದ ಖರೀದಿಗೆ ಮುನ್ನ, ಮಾರಾಟಗಾರರು ತರುವ ಮಾದರಿಗಳ ಬದಲು ಕಚೇರಿಯದೇ ಹಳೆಯ ಕಡತಗಳ ಮೇಲೆ ಪ್ರಯೋಗ ನಡೆಸುವುದು ಲೇಸು. ಒಪ್ಪಂದ ಮುಗಿದಾಗ ದಾಖಲೆಗಳನ್ನು ಸೂಚಿ ಸಹಿತ ಹೊರತೆಗೆಯಲು ಅವಕಾಶವಿರಬೇಕು. ದೀರ್ಘಕಾಲ ಉಳಿಯಬೇಕಾದ ದಾಖಲೆಗಳಿಗೆ 2005ರಲ್ಲಿ ಮೊದಲು ಪ್ರಕಟವಾದ ಪಿಡಿಎಫ್/ಎ ಎಂಬ ಅಂತರರಾಷ್ಟ್ರೀಯ ಮಾನಕವಿದೆ.

ಹಳೆಯ ದಾಖಲೆಯ ನಕಲು ಕೋರುವ ಅರ್ಜಿದಾರರು ಕಡತ ಸಂಖ್ಯೆ ಹಾಗೂ ವರ್ಷದೊಂದಿಗೆ, ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುವ ರೂಢಿಯಿದ್ದಲ್ಲಿ ಆ ರೂಪಗಳೆಲ್ಲವನ್ನೂ ಅರ್ಜಿಯಲ್ಲಿ ನಮೂದಿಸುವುದು ಸೂಕ್ತ.