ಎರೆ ನೆಲದ ಇಲಿಗಳು: ಜೋಳದ ತೆನೆಯಿಂದ ಕಾರಿನ ಬಾನೆಟ್ಟಿನವರೆಗೆ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳತ್ತ ಹೋಗುವಾಗ ಕಪ್ಪತಗುಡ್ಡದ ಸುತ್ತಿನ ಕೆಂಪು ಮಸಾರಿಯನ್ನು ಬಿಟ್ಟರೆ ಬಹುಪಾಲು ಕಾಣುವುದು ಎರೆ ಭೂಮಿ, ಅಂದರೆ ಮಳೆಗೆ ಉಬ್ಬಿ ಅಂಟಾಗಿ ಬೇಸಿಗೆಯಲ್ಲಿ ಆಳವಾಗಿ ಬಿರಿಯುವ ಕಪ್ಪು ಮಣ್ಣು. ಹಿಂಗಾರಿ ಜೋಳ ಮತ್ತು ಹತ್ತಿಗೆ ಹೆಸರಾದ ಈ ನೆಲವು ತನ್ನ ಬಿರುಕುಗಳಲ್ಲಿ ಇಲಿಗಳಿಗೂ ಮನೆ ಒದಗಿಸಿದೆ.

ಈ ಇಲಿಗಳ ಬಗೆಗಿನ ಅತ್ಯಂತ ವಿವರವಾದ ಹಳೆಯ ದಾಖಲೆಯನ್ನು ಬಿಟ್ಟುಹೋದವರು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಸಂಗ್ರಾಮದಲ್ಲಿ ಸೆರೆಸಿಕ್ಕಿದ್ದ, ಕನ್ನಡ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ಈ ಅಧಿಕಾರಿ, ಆಗ ದಕ್ಷಿಣ ಮರಾಠಾ ಪ್ರಾಂತವೆನಿಸಿದ್ದ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವ ‘ಮೆಟ್ಟಾಡ’ ಎಂಬ ಮೃದು ರೋಮದ ಹೊಲದ ಇಲಿ ತಾನಾಗಿ ದೊಡ್ಡ ಬಿಲ ತೋಡುವುದಿಲ್ಲ. ಪೊದೆಯ ಬೇರಿನಲ್ಲಿ, ಹೊಲದ ಕಲ್ಲುಗುಂಪೆಯಲ್ಲಿ, ಬೇರೆ ಇಲಿ ಬಿಟ್ಟುಹೋದ ಬಿಲದಲ್ಲಿ ಅಥವಾ ಎರೆಯ ಬಿರುಕಿನಲ್ಲಿ ಸೇರಿಕೊಳ್ಳುತ್ತದೆ, ಮುಂಗಾರು ಬಿದ್ದು ಬಿರುಕುಗಳು ಮುಚ್ಚಿಕೊಂಡಾಗ ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಮೊದಲ ಮಳೆ ಕೈಕೊಟ್ಟಿದ್ದರಿಂದ ಈ ಸಹಜ ಸಾವು ತಪ್ಪಿ, ಇಲಿಗಳು ಬಿತ್ತಿದ ಬೀಜವನ್ನು ಆರಿಸಿ ತಿಂದವು, ಬೆಳೆ ಮಾಗುವ ಹೊತ್ತಿಗೆ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು, ರೈತರಿಗೆ ಕಂದಾಯ ಕಟ್ಟುವುದೂ ಆಗದಾಯಿತು. ಕೆರೆ ತೋಡುವುದರಲ್ಲಿ ನಿಪುಣರಾದ ಒಡ್ಡರನ್ನು ರೈತರು ಕರೆಸಿ, ಇಷ್ಟು ಡಜನ್ ಇಲಿಗಳಿಗೆ ಒಂದು ಅಳತೆ ಕಾಳು ಎಂಬ ಕೂಲಿಗೆ ಸಾವಿರಗಟ್ಟಲೆ ಕೊಲ್ಲಿಸಿದರೂ ಸಂಖ್ಯೆ ಕುಗ್ಗಿದಂತೆ ಕಾಣಲಿಲ್ಲವೆಂದು ಎಲಿಯಟ್ ಬರೆದಿದ್ದಾರೆ.

‘ಕೋಕ್’ ಎಂಬ ಇನ್ನೊಂದು ಇಲಿಯ ಕಥೆ ಬೇರೆ. ಸಣ್ಣ ಹೆಗ್ಗಣದ ಜಾತಿಯ ಇದು ಬಿಲದೊಳಗೆ ಕಣಜವನ್ನೇ ಮಾಡಿಕೊಳ್ಳುತ್ತದೆ. ಒಂದೊಂದು ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು, ಕೆಲವೊಮ್ಮೆ ಇಡೀ ಜೋಳದ ತೆನೆಗಳೇ ಸಿಗುತ್ತಿದ್ದವು. ಒಡ್ಡರು ಈ ಬಿಲಗಳನ್ನು ಅಗೆದು ಇಲಿಯನ್ನೂ ಕಾಳನ್ನೂ ಆಹಾರಕ್ಕೆ ಒಯ್ಯುತ್ತಿದ್ದರು, ವರ್ಷದ ಕೆಲವು ಕಾಲ ಬಹುಮಟ್ಟಿಗೆ ಅದರ ಮೇಲೆಯೇ ಬದುಕುತ್ತಿದ್ದರು. ರೈತನ ಲೆಕ್ಕದಲ್ಲಿ ನಷ್ಟವೆಂದು ಬರೆದ ಕಾಳಿನ ಒಂದು ಪಾಲು ಹೀಗೆ ಹೊಲವಿಲ್ಲದವರ ಒಲೆ ಸೇರುತ್ತಿತ್ತೆಂಬುದನ್ನು ಕಂದಾಯದ ದೃಷ್ಟಿಯಿಂದ ಬರೆದ ಚರಿತ್ರೆಗಳು ಗಮನಿಸುವುದು ಅಪರೂಪ. 1876-78ರ ಮಹಾಕ್ಷಾಮದ ಬೆನ್ನಿಗೇ ದಖ್ಖನಿನಲ್ಲಿ ಇಲಿಗಳ ಹಾವಳಿ ಮತ್ತೆ ಎದ್ದಾಗ ಸರ್ಕಾರವೇ ತಲೆಗಿಷ್ಟೆಂದು ಬಹುಮಾನ ಕೊಟ್ಟು ಕೊಲ್ಲಿಸಬೇಕಾಯಿತು.

ಮನೆಯ ಕಾಳನ್ನು ಉಳಿಸಿದ್ದು ಬೇಟೆಗಿಂತ ಹೆಚ್ಚಾಗಿ ಹಗೇವು. ಗಟ್ಟಿ ನೆಲದಲ್ಲಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುವ ಈ ನೆಲಗಣಜದಲ್ಲಿ ಕಾಳಿನ ಉಸಿರಿನಿಂದಲೇ ಗಾಳಿ ಕೆಟ್ಟು ಹುಳುಹುಪ್ಪಟೆ ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಮನುಷ್ಯ ಇಳಿದರೂ ಪ್ರಾಣಾಪಾಯವಿತ್ತು.

1884ರಲ್ಲಿ ರೈಲು ಬಂದು ಗದಗ ಹತ್ತಿಯ ದೊಡ್ಡ ಪೇಟೆಯಾದಂತೆ ಇಲಿಗೆ ಗೋದಾಮುಗಳೂ ದೊರೆತವು. 1898ರಿಂದ ಧಾರವಾಡ ಜಿಲ್ಲೆಯನ್ನು ಕಾಡಿದ ಪ್ಲೇಗು, ಅದುವರೆಗೆ ಕಳ್ಳನೆನಿಸಿದ್ದ ಪ್ರಾಣಿಯನ್ನು ಸಾವಿನ ಮುನ್ಸೂಚನೆಯಾಗಿಸಿತು: ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊರಗಿನ ಗುಡಿಸಲು ಸೇರುತ್ತಿದ್ದರು. ಇಷ್ಟಾದರೂ ಇಲಿಯೊಡನೆ ಸಂಧಾನದ ರೂಢಿ ಅಳಿಯಲಿಲ್ಲ. ಗಣೇಶ ಚೌತಿಯ ಮರುದಿನ ಉತ್ತರ ಕರ್ನಾಟಕದ ಅನೇಕ ಕಡೆ ‘ಇಲಿವಾರ’ ಆಚರಿಸುತ್ತಾರೆ; ನೂಲು, ಬಟ್ಟೆ ಕಡಿಯದಿರಲೆಂಬ ಹರಕೆ ನೇಕಾರರಿಗೆ ಸಹಜವಾದದ್ದು.

ಈಗಿನ ಸರದಿ ನಿಂತ ಕಾರಿನದು. ಇಲಿಯ ಬಾಚಿಹಲ್ಲು ಆಯುಷ್ಯವಿಡೀ ಬೆಳೆಯುವುದರಿಂದ ಅದಕ್ಕೆ ಕಡಿಯುತ್ತಲೇ ಇರುವುದು ಅನಿವಾರ್ಯ. ಓಡಿ ಬಂದ ಎಂಜಿನ್ನಿನ ಬಿಸಿ, ಬಾನೆಟ್ಟಿನಡಿಯ ಅರಳೆಯಂಥ ಹೊದಿಕೆ, ಕತ್ತಲು, ಇವು ಗೂಡಿಗೆ ಹೇಳಿ ಮಾಡಿಸಿದ ಜಾಗ. ಹಳೆಯ ಅಂಬಾಸಿಡರಿನಲ್ಲಿ ತಂತಿಗಳು ಬೆರಳೆಣಿಕೆಯಷ್ಟಿದ್ದರೆ ಇಂದಿನ ಕಾರಿನಲ್ಲಿ ಸೆನ್ಸರುಗಳಿಗೆ ಹೋಗುವ ತಂತಿಯ ಕಟ್ಟುಗಳೇ ಇವೆ, ಒಂದು ತುಂಡಾದರೂ ಗಾಡಿ ಸ್ಟಾರ್ಟ್ ಆಗದೆ ನಿಲ್ಲಬಹುದು. ತಂಬಾಕಿನ ಎಲೆ, ಡಾಂಬರು ಗುಳಿಗೆಗಳನ್ನು ಒಳಗೆ ಕಟ್ಟುವವರು ಬಹಳ, ಆದರೆ ಎಂಜಿನ್ನಿನ ಕಾವಿಗೆ ಗುಳಿಗೆಯ ವಾಸನೆ ಬೇಗ ಹಾರಿಹೋಗುತ್ತದೆ. ಹೊಲದಲ್ಲಿ ಬಳಸುವ ಜಿಂಕ್ ಫಾಸ್ಫೈಡ್ ಪಾಷಾಣವನ್ನು ಮೊದಲೆರಡು ದಿನ ಬರಿ ತಿನಿಸಿಟ್ಟು ರೂಢಿ ಮಾಡಿಸದೆ ಹಾಕಿದರೆ ಇಲಿ ಸಂಶಯಪಟ್ಟು ಮುಟ್ಟುವುದಿಲ್ಲ, ತಿಂದದ್ದು ಎ.ಸಿ. ಕೊಳವೆಯೊಳಗೆ ಸತ್ತರೆ ನಾತ ತೆಗೆಯುವುದೇ ಬೇರೆ ರಿಪೇರಿಯಾಗುತ್ತದೆ. ಬಣವೆ, ಕಸ, ಕಲ್ಲುಗುಂಪೆಗಳಿಂದ ದೂರ ನಿಲ್ಲಿಸಿ, ರಾತ್ರಿ ಬಾನೆಟ್ ಎತ್ತಿಟ್ಟು, ಕೆಳಗಿನ ಸಂದುಗಳಿಗೆ ತಂತಿ ಜಾಲರಿ ಬಿಗಿಸುವವರು ಮೆಟ್ಟಾಡಕ್ಕೆ 1826ರಲ್ಲಿ ಹೊಲಗಳಲ್ಲಿ ದೊರೆತಿದ್ದಂಥ ಆಸರೆಯನ್ನೇ ತೆಗೆದುಹಾಕುತ್ತಿದ್ದಾರೆ.