ಇಪ್ಸ್‌ವಿಚ್ ಮೂರು ಸಲ ಮೇಲೇರಿದ ಕಥೆ

ಇವತ್ತು ಒಂದು ಸರಳ ಪ್ರಶ್ನೆಯಿಂದ ಶುರು ಮಾಡೋಣ. ಎರಡನೇ ಡಿವಿಷನ್‌ನಲ್ಲಿ ವರ್ಷಪೂರ್ತಿ ಗೆದ್ದು ಮೇಲೆ ಬಂದ ಫುಟ್‌ಬಾಲ್ ತಂಡ, ಮೇಲಿನ ಡಿವಿಷನ್‌ಗೆ ಬಂದ ಕೂಡಲೇ ಯಾಕೆ ಸೋತು ಸುಣ್ಣವಾಗುತ್ತೆ?

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು. ಪ್ರತಿ ವರ್ಷ ಕೊನೆಯ ಮೂರು ಕೆಳಗಿಳೀತವೆ, ಕೆಳಗಿನಿಂದ ಮೂರು ಮೇಲೆ ಬರ್ತವೆ. 2023-24ರಲ್ಲಿ ಹೊಸದಾಗಿ ಬಂದ ಬರ್ನ್ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್ ಮೂರೂ ವಾಪಸ್. ಮರುವರ್ಷ ಲೆಸ್ಟರ್, ಸೌತಾಂಪ್ಟನ್, ಇಪ್ಸ್‌ವಿಚ್ ಮೂರೂ ವಾಪಸ್. 1992ರಲ್ಲಿ ಈ ಲೀಗ್ ಶುರುವಾದಾಗಿನಿಂದ ಅದಕ್ಕೂ ಮುಂಚೆ ಹೀಗಾಗಿದ್ದು ಒಂದೇ ಸಲ, 1997-98ರಲ್ಲಿ.

'ದುಡ್ಡಿನ ಆಟ ಬಿಡಿ' ಅಂತೀರಾ? ಸರಿ. ಆದರೆ ಮೊದಲಿನಿಂದಲೂ ಹೀಗೇ ಇತ್ತಾ? ಇರಲಿಲ್ಲ. ಪೂರ್ವ ಇಂಗ್ಲೆಂಡಿನ ಇಪ್ಸ್‌ವಿಚ್ ಟೌನ್ ಹಲವು ಸಲ ಮೇಲೇರಿದೆ, ಇಳಿದಿದೆ. ಅದರಲ್ಲಿ ಮೂರು ಸಲದ ಕಥೆ ಸಾಕು, ಏನು ಬದಲಾಯ್ತು ಅಂತ ಗೊತ್ತಾಗುತ್ತೆ.

ಮೊದಲನೇದು 1961. ಆ ವರ್ಷದ ಜನವರಿವರೆಗೂ ಯಾವ ಕ್ಲಬ್ಬೂ ಆಟಗಾರನಿಗೆ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡೋ ಹಾಗಿರಲಿಲ್ಲ. ಮ್ಯಾಚ್ ಟಿಕೆಟ್ ದುಡ್ಡಿನಲ್ಲಿ ಎದುರಾಳಿ ತಂಡಕ್ಕೂ ಒಂದು ಪಾಲು ಹೋಗ್ತಿತ್ತು. ಅಂದ್ರೆ ದೊಡ್ಡ ಕ್ಲಬ್ಬಿಗೂ ಸಣ್ಣ ಕ್ಲಬ್ಬಿಗೂ ಅಂತರ ಇತ್ತು, ಪ್ರಪಾತ ಇರಲಿಲ್ಲ.

ಸಂಬಳದ ಮಿತಿ ಆಗಷ್ಟೇ ಹೋಗಿತ್ತು. ಇಪ್ಸ್‌ವಿಚ್ ಮೊದಲ ಬಾರಿಗೆ ಅಗ್ರ ಡಿವಿಷನ್‌ಗೆ ಬಂತು. ಬಂದ ವರ್ಷವೇ, 1961-62ರಲ್ಲಿ, ಚಾಂಪಿಯನ್! ಮ್ಯಾನೇಜರ್ ಆಲ್ಫ್ ರಾಮ್ಸೆ ಒಂದು ಉಪಾಯ ಮಾಡಿದ್ದರು. ಎಡ ಅಂಚಿನಲ್ಲಿ ಓಡಬೇಕಾದ ಜಿಮ್ಮಿ ಲೆಡ್‌ಬೆಟರ್‌ರನ್ನು ಹಿಂದಕ್ಕೆ ನಿಲ್ಲಿಸಿದರು. ಅವರನ್ನು ಹಿಡಿಯೋಕೆ ನಿಂತ ಡಿಫೆಂಡರ್‌ಗೆ ಯಾರನ್ನು ಹಿಡೀಬೇಕು ಅಂತಲೇ ತಿಳೀತಿರಲಿಲ್ಲ. ಆ ಲೀಗ್‌ನಲ್ಲಿ ರೇ ಕ್ರಾಫರ್ಡ್ 33, ಟೆಡ್ ಫಿಲಿಪ್ಸ್ 28 ಗೋಲು ಹೊಡೆದರು.

ಆಮೇಲೆ? 1962ರ ಆಗಸ್ಟ್‌ನಲ್ಲಿ ಟಾಟನ್‌ಹ್ಯಾಮ್ ಈ ಗುಟ್ಟನ್ನು ಬಿಡಿಸಿ 5-1ರಿಂದ ಗೆದ್ದಿತು. ಆ ಸೀಸನ್ ಇಪ್ಸ್‌ವಿಚ್‌ಗೆ 17ನೇ ಸ್ಥಾನ. ರಾಮ್ಸೆ ಇಂಗ್ಲೆಂಡ್ ತಂಡಕ್ಕೆ ಹೋದರು, 1966ರ ವಿಶ್ವಕಪ್ ಗೆದ್ದುಕೊಟ್ಟರು. ಇತ್ತ 1963-64ರಲ್ಲಿ ಇಪ್ಸ್‌ವಿಚ್ 121 ಗೋಲು ಬಿಟ್ಟುಕೊಟ್ಟು ಕೆಳಗಿಳೀತು. ಆದರೆ ಗಮನಿಸಿ, ಗೆದ್ದಿದ್ದೂ ಆಟದಿಂದ, ಸೋತಿದ್ದೂ ಮುಖ್ಯವಾಗಿ ಆಟದಿಂದಲೇ.

ಇಂಥ ಪವಾಡ ಮತ್ತೊಮ್ಮೆ ನಡೆದಿದ್ದು 1977-78ರಲ್ಲಿ. ಬ್ರಯನ್ ಕ್ಲಫ್ ಅವರ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ ಬಂದ ವರ್ಷವೇ ಲೀಗ್ ಗೆದ್ದಿತು. ಇಂಗ್ಲೆಂಡಿನಲ್ಲಿ ಅದೇ ಕೊನೆ. 1983ರಲ್ಲಿ ಟಿಕೆಟ್ ದುಡ್ಡು ಹಂಚಿಕೊಳ್ಳೋದು ನಿಂತಿತು. 1992ರಲ್ಲಿ ಅಗ್ರ ಕ್ಲಬ್ಬುಗಳು ಬೇರೆಯಾಗಿ ತಮ್ಮದೇ ಲೀಗ್ ಮಾಡ್ಕೊಂಡವು, ಟಿವಿ ಹಣದ ಸಿಂಹಪಾಲು ಅಲ್ಲೇ ಉಳೀತು.

ಎರಡನೇದು 2000. ಜಾರ್ಜ್ ಬರ್ಲಿ ಮ್ಯಾನೇಜರ್. ಮೇಲೆ ಬಂದ ಇಪ್ಸ್‌ವಿಚ್ ನೇರ ಐದನೇ ಸ್ಥಾನಕ್ಕೆ! ಯುಯೆಫಾ ಕಪ್‌ನಲ್ಲಿ ತವರಿನಲ್ಲಿ ಇಂಟರ್ ಮಿಲಾನ್‌ನನ್ನೂ ಸೋಲಿಸಿತು. ಹುಮ್ಮಸ್ಸಿನಲ್ಲಿ ಹೊಸ ಆಟಗಾರರನ್ನು ತಂದರು, ಸಂಬಳದ ಬಿಲ್ ಏರಿತು. ಮರು ಸೀಸನ್ 18ನೇ ಸ್ಥಾನ, ಕೆಳಗೆ. ಅದೇ 2002ರಲ್ಲಿ ಕೆಳಗಿನ ಡಿವಿಷನ್‌ಗಳ ಪ್ರಸಾರ ಹಕ್ಕು ಪಡೆದಿದ್ದ ಐಟಿವಿ ಡಿಜಿಟಲ್ ಮುಳುಗಿತು. ಖರ್ಚು ಮೇಲಿನ ಡಿವಿಷನ್‌ನದ್ದು, ಆದಾಯ ಕೆಳಗಿನದ್ದು. 2003ರಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂದು, ಕಾನೂನಿನ ಪ್ರಕಾರ ನೇಮಕವಾದ ಆಡಳಿತಗಾರರ ಕೈಗೆ ಹೋಯಿತು. ಈ ಸಲ ಇಳಿದಿದ್ದಕ್ಕಿಂತ ಇಳಿದ ಮೇಲಿನ ಲೆಕ್ಕ ಜಾಸ್ತಿ ನೋಯಿಸಿತು. ಮತ್ತೆ ಮೇಲೆ ಬರೋಕೆ 22 ವರ್ಷ ಬೇಕಾಯ್ತು.

ಮೂರನೇದು 2024. ಕೀರನ್ ಮೆಕೆನ್ನಾ ಅವರ ತಂಡ ಮೂರನೇ ಡಿವಿಷನ್‌ನಿಂದ ಸತತ ಎರಡು ವರ್ಷದಲ್ಲಿ ಮೇಲೇರಿತ್ತು. ಈ ಸಲ 100 ಮಿಲಿಯನ್ ಪೌಂಡ್‌ಗೂ ಹೆಚ್ಚು ಖರ್ಚು ಮಾಡಿದರು. ಸಿಕ್ಕಿದ್ದು 38 ಮ್ಯಾಚ್‌ನಲ್ಲಿ 4 ಗೆಲುವು, 22 ಪಾಯಿಂಟ್. 12 ಗೋಲು ಹೊಡೆದ ಲಿಯಾಮ್ ಡೆಲಾಪ್ ಕೂಡಲೇ ಚೆಲ್ಸಿಗೆ ಹೋದರು. ಅಲ್ಲಿ ಮೊದಲಿನಿಂದ ಇರೋ ಕ್ಲಬ್ಬುಗಳು ವರ್ಷವರ್ಷವೂ ಟಿವಿ ಹಣದಿಂದ ತಂಡ ಕಟ್ಟಿಕೊಂಡು ಬಂದಿವೆ. ಅದನ್ನು ಒಂದೇ ಬೇಸಿಗೆಯಲ್ಲಿ ಸರಿಗಟ್ಟೋದು ಹೇಗೆ?

ಇನ್ನೊಂದು ಗಂಟೂ ಇದೆ. ಕೆಳಗಿಳಿದ ಕ್ಲಬ್ಬಿಗೆ ಪ್ರೀಮಿಯರ್ ಲೀಗ್ ಕೆಲವು ವರ್ಷ 'ಪ್ಯಾರಾಶೂಟ್' ಹಣ ಕೊಡುತ್ತೆ. ಇಪ್ಸ್‌ವಿಚ್ ಥರ ದಿವಾಳಿಯ ಅಂಚಿಗೆ ಬರದಿರಲಿ ಅನ್ನೋದೇ ಉದ್ದೇಶ. ಆದರೆ ಆ ಹಣ ಎರಡನೇ ಡಿವಿಷನ್‌ನಲ್ಲಿ ಬೇರೆಯವರ ಹತ್ತಿರ ಇಲ್ಲ. ಹಾಗಾಗಿ ಇಳಿದವರೇ ಮತ್ತೆ ಏರ್ತಾರೆ. ಬರ್ನ್ಲಿ 2022ರಲ್ಲಿ ಇಳಿದು 2023ರಲ್ಲಿ ಏರಿತು, 2024ರಲ್ಲಿ ಇಳಿದು 2025ರಲ್ಲಿ ಏರಿತು.

ಬಾಗಿಲು ಪೂರ್ತಿ ಮುಚ್ಚಿದೆ ಅಂತಲ್ಲ. 2021ರಲ್ಲಿ ಬಂದ ಬ್ರೆಂಟ್‌ಫರ್ಡ್ ಮೊದಲ ವರ್ಷವೇ 13ನೇ ಸ್ಥಾನ ಪಡೆದು ಗಟ್ಟಿಯಾಗಿ ಉಳೀತು. ಆಟಗಾರರನ್ನು ಕಡಿಮೆಗೆ ಹುಡುಕಿ, ಬೆಳೆಸಿ, ಹೆಚ್ಚಿಗೆ ಮಾರೋದನ್ನ ಅವರು ವರ್ಷಗಟ್ಟಲೆ ಮೊದಲೇ ಕಲಿತಿದ್ದರು. ಇಂಥವರು ಕಡಿಮೆ.

ಸಣ್ಣ ಊರಿನ ತಂಡ ಗೆಲ್ತಾ ಗೆಲ್ತಾ ಎಲ್ಲಿವರೆಗೂ ಹೋಗಬಹುದು ಅನ್ನೋ ನಂಬಿಕೆಯೇ ಈ ಲೀಗ್ ಪದ್ಧತಿಯ ಜೀವ. 1962ರಲ್ಲಿ ಇಪ್ಸ್‌ವಿಚ್‌ಗೆ ಒಂದು ಒಳ್ಳೆ ಉಪಾಯ ಸಾಕಾಗಿತ್ತು. ಈಗ ಅಷ್ಟು ಸಾಲದು. ಅದಕ್ಕೇ ಮುಂದಿನ ಸಲ ಹೊಸ ತಂಡ ಸಾಲಾಗಿ ಐದು ಮ್ಯಾಚ್ ಸೋತಾಗ, ಟ್ರೋಲ್ ಮಾಡೋ ಮುಂಚೆ ಪಾಯಿಂಟ್ಸ್ ಟೇಬಲ್ ಪಕ್ಕದಲ್ಲಿ ಸಂಬಳದ ಪಟ್ಟಿನೂ ಇಟ್ಟು ನೋಡಿ.

ಮುಂದಿನ ವಾರ ಸಿಗೋಣ.