ಕಾಗೋಡಿನ ಕೊಳಗದಿಂದ ನಮ್ಮ ಪಹಣಿಯವರೆಗೆ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಸಂಘದ ಜಮಾ ಖರ್ಚು, ಲಾಭಾಂಶ ಎಲ್ಲಾ ಕಾರ್ಯದರ್ಶಿಗಳ ವರದಿಯಲ್ಲಿ ಬರುತ್ತದೆ, ನಾವು ಅದನ್ನೇ ಇನ್ನೊಂದು ಸಲ ಬರೆಯುವುದು ಬೇಡ ಅನ್ನಿಸಿತು. ಸಂಘಕ್ಕೆ ಬೆಳೆಸಾಲ ಕೇಳಿಕೊಂಡು ಯಾರೇ ಬರಲಿ, ನಾವು ಮೊದಲು ಕೇಳುವುದು ಪಹಣಿ. ಆ ಪಹಣಿಯ 9ನೇ ಕಾಲಂನಲ್ಲಿ ನಮ್ಮಂಥವರ ಹೆಸರು ಬಂದದ್ದು ಹೇಗೆ ಎಂಬುದು ಈಗಿನ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದು ತಾನಾಗಿ ಬಂದದ್ದಲ್ಲ, ಯಾರೋ ಕರೆದು ಕೊಟ್ಟದ್ದೂ ಅಲ್ಲ. ಅದರ ಹಿಂದೆ ಒಂದು ದೊಡ್ಡ ಹೋರಾಟ ಇದೆ.

ನಮ್ಮ ಮಲೆನಾಡಿನಲ್ಲಿ ಹಿಂದೆ ಗದ್ದೆ ಉಳುವವರು ಒಬ್ಬರು, ಗದ್ದೆಯ ಒಡೆಯರು ಇನ್ನೊಬ್ಬರು. ನಮ್ಮ ಅಜ್ಜನವರೂ ಗೇಣಿದಾರರೇ. ಹೆಚ್ಚಿನವು ಚಾಲಗೇಣಿ, ಅಂದರೆ ಬಾಯಿ ಮಾತಿನ ಗೇಣಿ. ಪತ್ರವಿಲ್ಲ, ರಸೀದಿ ಇಲ್ಲ. ಒಡೆಯರಿಗೆ ಬೇಡ ಅನ್ನಿಸಿದರೆ ಮುಂದಿನ ವರ್ಷ ಗದ್ದೆ ಬೇರೆಯವರಿಗೆ. ಕಣದಲ್ಲಿ ಬತ್ತ ಅಳೆದು ಗೇಣಿ ಕೊಟ್ಟ ಮೇಲೆ ಉಳಿದದ್ದು ಮಳೆಗಾಲ ಕಳೆಯಲು ಸಾಕಾಗದೆ, ಅದೇ ಒಡೆಯರ ಮನೆಯಿಂದ ಮತ್ತೆ ಸಾಲದ ಬತ್ತ ತರಬೇಕಿತ್ತು. ಕೊಟ್ಟಿಗೆ ಕೆಲಸ, ಸೌದೆ ಒಡೆಯುವುದು, ಮನೆ ಹೊದಿಸುವುದು ಎಲ್ಲಾ ಬಿಟ್ಟಿ. ಒಡೆಯರ ಜಗಲಿ ಹತ್ತುವಂತಿಲ್ಲ, ಅಂಗಳದಲ್ಲಿ ನಿಂತೇ ಮಾತಾಡಬೇಕು. ‘ಹೊಟ್ಟೆಗೆ ಕಡಿಮೆ ಆದರೂ ತಡ್ಕೊಳ್ಬಹುದಿತ್ತು ಮಾರಾಯ, ನಿಂತೇ ಇರೋದು ತಡ್ಕೊಳ್ಳೋಕೆ ಆಗ್ತಿರಲಿಲ್ಲ’ ಎಂದು ಅಜ್ಜ ಹೇಳುತ್ತಿದ್ದರು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕಿಡಿ ಹೊತ್ತಿದ್ದು ಒಂದು ಕೊಳಗದಿಂದ. ಬತ್ತ ಅಳೆಯುವ ಕೊಳಗ. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು. ಒಂದು ಕೊಳಗಕ್ಕೆ ಹೆಚ್ಚು ಹೋಗುವುದು ಸ್ವಲ್ಪವೇ ಇರಬಹುದು, ಆದರೆ ಖಂಡುಗಗಟ್ಟಲೆ ಅಳೆಯುವಾಗ ಅದು ಒಂದು ಸಂಸಾರದ ಎಷ್ಟೋ ದಿನದ ಊಟ. ಅಲ್ಲಿನ ಗೇಣಿದಾರರು ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಊರೂರು ತಿರುಗಿ ರೈತ ಸಂಘ ಕಟ್ಟಿದ್ದರು. ಸರಿಯಾದ ಅಳತೆಯಲ್ಲಿ ಮಾತ್ರ ಗೇಣಿ ಕೊಡುತ್ತೇವೆ ಎಂದು ರೈತರು ಪಟ್ಟು ಹಿಡಿದರು. ಒಡೆಯರು ಹಾಗಾದರೆ ಗದ್ದೆಗೆ ಇಳಿಯಬೇಡಿ ಎಂದರು.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ಸತ್ಯಾಗ್ರಹ ಅಂದರೆ ಭಾಷಣ ಮಾಡಿ ಮನೆಗೆ ಹೋಗುವುದಲ್ಲ. ನೇಗಿಲು ಹೊತ್ತು, ಎತ್ತು ಹೊಡೆದುಕೊಂಡು, ಯಾವ ಗದ್ದೆಯಿಂದ ಹೊರಗೆ ಹಾಕಿದ್ದರೋ ಅದೇ ಗದ್ದೆಗೆ ಇಳಿದು ಉಳುವುದು. ಪೊಲೀಸರು ಬಂದು ಹಿಡಿದುಕೊಂಡು ಹೋಗುವುದು. ಮಾರನೆ ದಿನ ಇನ್ನೊಂದು ತಂಡ. ಗಂಡಸರು ಜೈಲಿಗೆ ಹೋದರೆ ಹೆಂಗಸರು ಬರುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ಆಗಿರಲಿಲ್ಲ, ಎಲ್ಲರೂ ಸಮಾನರು ಎಂದ ಸಂವಿಧಾನ ಜಾರಿಗೆ ಬಂದು ಒಂದು ವರ್ಷ ಚಿಲ್ಲರೆ. ಅಷ್ಟರಲ್ಲಿ ನಮ್ಮದೇ ಸರ್ಕಾರದ ಲಾಠಿ ನಮ್ಮದೇ ರೈತರ ಬೆನ್ನಿಗೆ ಬಿತ್ತು. ಆಗ ಮೈಸೂರು ಸಂಸ್ಥಾನದಲ್ಲಿ ಕೆ.ಸಿ. ರೆಡ್ಡಿಯವರ ಕಾಂಗ್ರೆಸ್ ಸರ್ಕಾರ.

ಸಮಾಜವಾದಿ ಪಕ್ಷ ರೈತರ ಬೆನ್ನಿಗೆ ನಿಂತಿತು. ತೀರ್ಥಹಳ್ಳಿ ಕಡೆಯ ಆರಗದವರಾದ ಶಾಂತವೇರಿ ಗೋಪಾಲಗೌಡರು, ಆಗಿನ್ನೂ ಇಪ್ಪತ್ತೆಂಟರ ಹುಡುಗ, ಇದರಲ್ಲಿ ಮುಂದೆ ನಿಂತರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದರು. ಅವರನ್ನೂ ಬಂಧಿಸಿದರು. ಅಲ್ಲಿಯವರೆಗೆ ಸಾಗರದ ಆಚೆಗೆ ಯಾರಿಗೂ ಗೊತ್ತಿಲ್ಲದ ಕಾಗೋಡು ಎಂಬ ಹಳ್ಳಿಯ ಹೆಸರು ದೇಶದ ಪೇಪರುಗಳಲ್ಲಿ ಬಂತು.

ಇಷ್ಟಾದರೂ ಆ ವರ್ಷ ಕಾಗೋಡಿನ ಗೇಣಿದಾರರಿಗೆ ಜಮೀನು ಸಿಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಮಳೆ ಹಿಡಿಯಿತು, ಜೈಲು, ಕೋರ್ಟು ಅಂತ ಜನ ಬಸವಳಿದರು, ಹೋರಾಟ ತಣ್ಣಗಾಯಿತು. ಕೆಲವರು ಇದನ್ನು ಸೋತ ಚಳವಳಿ ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಕೈಯಲ್ಲಿ ಕಾಸಿಲ್ಲದ ಗೋಪಾಲಗೌಡರನ್ನು ಇದೇ ಸೀಮೆಯ ಜನ ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು. ಅಲ್ಲಿಂದ ಮುಂದೆ ಗೇಣಿದಾರನ ಮಾತು ವಿಧಾನಸಭೆಯಲ್ಲಿ ನಿಲ್ಲಲಿಲ್ಲ. ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಅಧ್ಯಕ್ಷರೂ ಆದರು, ಕಂದಾಯ ಮಂತ್ರಿಯೂ ಆದರು. ಜಗಲಿ ಹತ್ತಬಾರದು ಎಂದಿದ್ದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಕಾಯಿದೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. 1952ರಲ್ಲಿ ಒಂದು ಗೇಣಿ ಕಾಯಿದೆ ಬಂತು. ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಯಾಗಿದ್ದಾಗ 1961ರಲ್ಲಿ ಭೂಸುಧಾರಣಾ ಕಾಯಿದೆ ಆಯಿತು, ಆದರೆ ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ಒಡೆಯರು ಸ್ವಂತ ಸಾಗುವಳಿಗೆ ಬೇಕು ಎಂದು ಗದ್ದೆ ವಾಪಸು ಪಡೆಯಲು ದಾರಿ ಇತ್ತು. ಕಾಯಿದೆ ಬರುತ್ತದೆ ಎಂಬ ಸುದ್ದಿಗೇ ಎಷ್ಟೋ ಗೇಣಿದಾರರು ಗದ್ದೆ ಕಳೆದುಕೊಂಡರು. ಬೇಲಿ ಹಾಕುವ ಮೊದಲೇ ದನ ಪೈರು ಮೇಯ್ದ ಹಾಗೆ.

ದೇವರಾಜ ಅರಸರ ಸರ್ಕಾರ ಈ ಕಾಯಿದೆಗೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನೆಲ್ಲ ಅಂದಿನಿಂದ ಸರ್ಕಾರದ್ದು, ಉಳುವವನು ಫಾರಂ 7 ಕೊಟ್ಟು ತನ್ನ ಹಕ್ಕು ಕೇಳಬಹುದು ಎಂದಾಯಿತು. ನಮ್ಮ ಕಡೆ ಇದಕ್ಕೆ ಡಿಕ್ಲರೇಷನ್ ಕೊಡುವುದು ಅನ್ನುತ್ತಿದ್ದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯಲ್ಲಿ ಟ್ರಿಬ್ಯೂನಲ್. ಅದರಲ್ಲಿ ಒಳ್ಳೆಯ ಸಂಗತಿ ಏನೆಂದರೆ ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಒಡೆಯರು ಪೇಟೆಯ ದೊಡ್ಡ ವಕೀಲರನ್ನು ತಂದು ನಿಲ್ಲಿಸುವಂತಿಲ್ಲ, ಗೇಣಿದಾರ ತನ್ನ ಭಾಷೆಯಲ್ಲೇ ಹೇಳಿಕೊಳ್ಳಬಹುದು. ರಸೀದಿಯೇ ಇಲ್ಲದವನು ಸಾಕ್ಷಿ ಎಲ್ಲಿಂದ ತರಬೇಕು? ಅಕ್ಕಪಕ್ಕದ ಗದ್ದೆಯವರೇ ಸಾಕ್ಷಿ. ನಮ್ಮ ಅಜ್ಜನಿಗೆ ಡಿಕ್ಲರೇಷನ್ ಕೊಡುವುದಕ್ಕೇ ಹೆದರಿಕೆ, ಅನ್ನ ಕೊಟ್ಟವರ ಮೇಲೆ ಅರ್ಜಿ ಹಾಕುವುದೇ ಎಂದು. ಅಜ್ಜಿ ಹಟ ಹಿಡಿದು ಕಳಿಸಿದರಂತೆ. ಅರ್ಜಿ ಕೊಡುವ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ಮುಗಿಯಿತು. ಇಡೀ ರಾಜ್ಯದಲ್ಲಿ ಎಂಟು ಲಕ್ಷದಷ್ಟು ಅರ್ಜಿ ಬಂದವು. ಗೆದ್ದವರ ಕೈಗೆ ಫಾರಂ 10 ಬಂತು. ನಮ್ಮ ಮನೆಯಲ್ಲಿ ಅದನ್ನು ಬಹಳ ವರ್ಷ ದೇವರ ಪೆಟ್ಟಿಗೆಯಲ್ಲೇ ಇಟ್ಟಿದ್ದರು.

ಎಲ್ಲರಿಗೂ ನ್ಯಾಯ ಸಿಕ್ಕಿತೇ ಎಂದರೆ, ಇಲ್ಲ. ಒಂದೆರಡು ಎಕರೆ ಗೇಣಿಗೆ ಕೊಟ್ಟು ಜೀವನ ಮಾಡುತ್ತಿದ್ದ ವಿಧವೆಯರು, ಸಣ್ಣ ಪೂಜೆಯ ಭಟ್ಟರು ಕೂಡ ಜಮೀನು ಕಳೆದುಕೊಂಡರು. ಒಡೆಯರೆಲ್ಲರೂ ದೊಡ್ಡ ಒಡೆಯರಾಗಿರಲಿಲ್ಲ. ಇನ್ನು ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಅದರಲ್ಲೂ ದಲಿತರಿಗೆ, ಫಾರಂ 7ರಲ್ಲಿ ಬರೆಯಲು ಏನೂ ಇರಲಿಲ್ಲ. ಜೀತ ಪದ್ಧತಿ ರದ್ದಾದದ್ದೇ ಆಮೇಲೆ, 1976ರ ಕಾಯಿದೆಯಿಂದ. ಜೀತ ಬಿಟ್ಟು ಬಂದವನಿಗೆ ನೆಲ ಎಲ್ಲಿ? ಗೇಣಿದಾರರಾಗಿದ್ದ ನಾವು ಒಡೆಯರಾದ ಮೇಲೆ ನಮ್ಮ ಗದ್ದೆಯ ಕೂಲಿಯವರನ್ನು ಜಗಲಿ ಹತ್ತಿಸಿಕೊಂಡೆವೋ ಇಲ್ಲವೋ ಎಂಬುದನ್ನು ಅವರವರೇ ನೋಡಿಕೊಳ್ಳಬೇಕು. ಹೆಂಗಸರ ಹೆಸರಂತೂ ಬಂದದ್ದು ಕಡಿಮೆ. ಕಾಗೋಡಿನಲ್ಲಿ ಗದ್ದೆಗೆ ಇಳಿದು ಪೊಲೀಸರಿಗೆ ಎದುರು ನಿಂತವರು, ನಮ್ಮಜ್ಜಿಯ ಹಾಗೆ ಹಟ ಹಿಡಿದವರು ಅವರು, ಪಹಣಿಯಲ್ಲಿ ಮಾತ್ರ ಗಂಡನ ಹೆಸರು.

ಇದಕ್ಕೂ ಸಂಘಕ್ಕೂ ಸಂಬಂಧ ಇದೆ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದ್ದು 1905ರಲ್ಲೇ. ಆದರೆ ನೆಲದ ದಾಖಲೆ ಇಲ್ಲದ ಗೇಣಿದಾರನಿಗೆ ಯಾವ ಸಂಘ ಏನು ಆಧಾರದ ಮೇಲೆ ಸಾಲ ಕೊಡಬೇಕಿತ್ತು? ಅವನು ಒಡೆಯರ ಮನೆಗೇ ಹೋಗಬೇಕು. ಪಹಣಿ ಕೈಗೆ ಬಂದ ಮೇಲೆಯೇ ನಮ್ಮಂಥವರು ಷೇರು ಕಟ್ಟಿ ಸದಸ್ಯರಾಗಿದ್ದು. ಹತ್ತು ಎಕರೆಯವನಿಗೂ ಹತ್ತು ಗುಂಟೆಯವನಿಗೂ ಸಂಘದಲ್ಲಿ ಒಂದೇ ಓಟು. ಸರ್ವಸದಸ್ಯರ ಸಭೆಯಲ್ಲಿ ಎಲ್ಲರಿಗೂ ಕುರ್ಚಿ.

2020ರ ತಿದ್ದುಪಡಿಯಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾಗಿದೆ. ಒಳ್ಳೆ ರೇಟು ಬಂದರೆ ಮಾರಿದರೇನು ಅನ್ನುವವರು ನಮ್ಮಲ್ಲೂ ಇದ್ದಾರೆ. ಮಾರುವುದು ಅವರವರ ಇಷ್ಟ, ಕಷ್ಟ ಇದ್ದವನಿಗೆ ನಾವು ಬುದ್ಧಿ ಹೇಳುವುದು ಸರಿಯಲ್ಲ. ಸಹಿ ಹಾಕುವ ಮುಂಚೆ ಮನೆಯ ಹೆಂಗಸರನ್ನು ಒಂದು ಮಾತು ಕೇಳಿ ಎಂದಷ್ಟೇ ನಮ್ಮ ವಿನಂತಿ.

ಪಹಣಿ ಇಲ್ಲದ ಹೆಣ್ಣುಮಕ್ಕಳನ್ನೂ ಕೂಲಿಕಾರರನ್ನೂ ಸ್ವಸಹಾಯ ಗುಂಪುಗಳ ಮೂಲಕ ಇನ್ನೂ ಹೆಚ್ಚಾಗಿ ಸಂಘಕ್ಕೆ ಸೇರಿಸುವ ವಿಚಾರವನ್ನು ಈ ವರ್ಷದ ಸರ್ವಸದಸ್ಯರ ಸಭೆಯಲ್ಲಿ ತರಬೇಕೆಂದು ಇದ್ದೇವೆ, ಸದಸ್ಯ ಬಾಂಧವರು ದಯವಿಟ್ಟು ಹಾಜರಿರಬೇಕು. ಹಾಗೆಯೇ ಯಾರ ಮನೆಯಲ್ಲಾದರೂ ಹಳೇ ಗೇಣಿ ಚೀಟಿ, ಡಿಕ್ಲರೇಷನ್ ನಕಲು, ಟ್ರಿಬ್ಯೂನಲ್ ನೋಟೀಸು ಇದ್ದರೆ ಗೆದ್ದಲು ಹಿಡಿಯುವ ಮುಂಚೆ ಸಂಘದ ಕಚೇರಿಗೆ ತನ್ನಿ, ಜೆರಾಕ್ಸ್ ಮಾಡಿಸಿಕೊಂಡು ಅಸಲು ಅಂದೇ ವಾಪಸು ಕೊಡುತ್ತೇವೆ.